ಮಕ್ಕಳಿಗೊಂದು ಬಯಲು



ಈ ಪತ್ರಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ಷಟ್‌ಸ್ಥಲ, ಅಷ್ಟಾವರಣ, ಶರಣರ ಚರಿತೆಗಳನ್ನು ಕುರಿತು ಬರೆಯುವ ನಾನು ಈ ಸಲ ಮಕ್ಕಳ ಆಟದ ಬಯಲನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ‘ಬಯಲು’ ಎಂಬ ಮಾತು ನಮ್ಮ ಶಾಸ್ತ್ರದಲ್ಲಿ ಸಾಮಾನ್ಯವಾದುದಲ್ಲ. ಅಲ್ಲಮಪ್ರಭುಗಳ ಅನುಭಾವವನ್ನು ಹೇಳಹೊರಟವರು ಕಡೆಗೆ ಬಂದು ನಿಲ್ಲುವುದು ಆ ಒಂದು ಪದದ ಬಳಿಯಲ್ಲಿಯೇ. ಆ ಪದವನ್ನು ಕುರಿತು ನಾನು ಅನೇಕ ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡಿದ್ದೇನೆ. ಆದರೆ ಕಣ್ಣಿಗೆ ಕಾಣುವ, ಕಾಲಿಗೆ ತಾಗುವ, ಮಕ್ಕಳು ಬಿದ್ದು ಮಂಡಿ ತರಚಿಕೊಳ್ಳುವ ಬಯಲಿನ ಬೆಲೆ ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ, ಎಂಟು ವರ್ಷದ ಮೊಮ್ಮಗಳಿಂದ. ಅದನ್ನು ಇದ್ದಂತೆಯೇ ನಿಮ್ಮ ಮುಂದಿಡುತ್ತೇನೆ. ಇದರಲ್ಲಿ ನನ್ನ ತಪ್ಪೊಂದರ ಒಪ್ಪಿಗೆಯೂ ಇದೆ.

ನಾವು ವಾಸವಾಗಿರುವುದು ಬೆಂಗಳೂರಿನ ಪಶ್ಚಿಮದ ಅಂಚಿನ ಒಂದು ಬಡಾವಣೆಯಲ್ಲಿ. 1994ರಲ್ಲಿ ನಾನು ಇಲ್ಲಿ ಮನೆ ಕಟ್ಟಿಸಿದಾಗ ನಮ್ಮ ಬೀದಿಯಲ್ಲಿ ಇದ್ದದ್ದು ಏಳೇ ಮನೆಗಳು. ಸಂಜೆಯಾದರೆ ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಈಗ ಖಾಲಿ ನಿವೇಶನವೆಂಬುದೇ ಅಪರೂಪ. ಮನೆಯ ಮುಂದಿನ ರಸ್ತೆಯ ಎರಡೂ ಬದಿಯಲ್ಲಿ ಕಾರುಗಳು ನಿಂತಿರುತ್ತವೆ. ನಡುವೆ ಉಳಿದ ದಾರಿಯಲ್ಲಿ ದ್ವಿಚಕ್ರ ವಾಹನಗಳು ಸುಯ್ಯೆಂದು ಹೋಗುತ್ತವೆ. ಮಕ್ಕಳು ಗೇಟಿನಿಂದಾಚೆ ಕಾಲಿಟ್ಟರೆ ತಾಯಂದಿರ ಎದೆ ಹಾರುತ್ತದೆ.

ಕಳೆದ ಮಾರ್ಚಿಯಲ್ಲಿ ಮೊಮ್ಮಗಳಿಗೆ ಕಪ್ಪುಹಲಗೆಯ ಅಕ್ಷರಗಳು ಮಸುಕಾಗಿ ಕಾಣುತ್ತಿವೆಯೆಂದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದೆವು. ವೈದ್ಯರು ಕನ್ನಡಕ ಬರೆದುಕೊಟ್ಟು, ‘ಮಗು ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಡುತ್ತದೆ?’ ಎಂದು ಕೇಳಿದರು. ನನ್ನ ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಉತ್ತರ ಇಬ್ಬರಲ್ಲಿಯೂ ಇರಲಿಲ್ಲ. ಮಗುವೇ, ‘ಭಾನುವಾರ ಆಡ್ತೀನಿ’ ಎಂದಿತು. ವೈದ್ಯರು ನಕ್ಕು, ಚೀನಾದೇಶದ ಗುವಾಂಗ್‌ಜೌ ನಗರದಲ್ಲಿ ನಡೆದ ಒಂದು ಪ್ರಯೋಗದ ವಿಚಾರ ಹೇಳಿದರು. ಅಲ್ಲಿಯ ಕೆಲವು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರಂತೆ. ಮೂರು ವರ್ಷಗಳ ಬಳಿಕ ನೋಡಿದರೆ, ಹಾಗೆ ಹೊರಗೆ ಬಿಟ್ಟ ಮಕ್ಕಳಲ್ಲಿ ಶೇಕಡಾ ಸುಮಾರು 30 ಮಂದಿಗೆ ಸಮೀಪದೃಷ್ಟಿಯ ದೋಷ ಬಂದಿತ್ತು. ಬಿಡದ ಶಾಲೆಗಳ ಮಕ್ಕಳಲ್ಲಿ ಶೇಕಡಾ ಸುಮಾರು 40 ಮಂದಿಗೆ ಬಂದಿತ್ತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಲೋಕದ ವೈದ್ಯರೆಲ್ಲ ಗಮನಿಸಿದ್ದಾರೆ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ‘ಬಂದ ಕನ್ನಡಕ ಹೋಗದು, ಆದರೆ ನಂಬರು ಬೇಗ ಏರದಂತೆ ನೋಡಿಕೊಳ್ಳಬಹುದು; ಮಗುವನ್ನು ಬಿಸಿಲಿಗೆ ಬಿಡಿ’ ಎಂದು ಹೇಳಿ ವೈದ್ಯರು ನಮ್ಮನ್ನು ಕಳುಹಿಸಿದರು.

ಮನೆಯಲ್ಲಿ ನಿವೃತ್ತನಾಗಿ ಕುಳಿತಿರುವವನು ನಾನೊಬ್ಬನೇ. ಆದುದರಿಂದ ಈ ಕಾಯಕ ನನ್ನ ಪಾಲಿಗೆ ಬಂದಿತು. ಬೇಸಿಗೆಯ ರಜೆ ಆರಂಭವಾದ ಮರುದಿನವೇ ಮೊಮ್ಮಗಳ ಕೈಯನ್ನೂ ನಾಲ್ಕು ವರ್ಷದ ಮೊಮ್ಮಗನ ಕೈಯನ್ನೂ ಹಿಡಿದುಕೊಂಡು ಆಟದ ಜಾಗ ಹುಡುಕಲು ಹೊರಟೆ.

ಮೊದಲು ಹೋದದ್ದು ಎರಡು ಬೀದಿಯಾಚೆಯ ಉದ್ಯಾನಕ್ಕೆ. ನೋಡಲು ಬಲು ಅಂದ. ಕತ್ತರಿಸಿದ ಹುಲ್ಲು, ಬಣ್ಣದ ಹೂವಿನ ಪಾತಿ, ನಡೆಯುವವರಿಗೆ ಕಲ್ಲುಹಾಸಿನ ದಾರಿ. ಆದರೆ ಹುಲ್ಲಿನ ಸುತ್ತ ಕಬ್ಬಿಣದ ಸರಪಳಿ. ‘ಹುಲ್ಲಿನ ಮೇಲೆ ನಡೆಯಬಾರದು’, ‘ಚೆಂಡಾಟ ನಿಷೇಧಿಸಲಾಗಿದೆ’ ಎಂದು ಎರಡು ಫಲಕಗಳು. ಮೂಲೆಯಲ್ಲಿ ಒಂದು ಜಾರುಬಂಡೆ, ಎರಡು ಉಯ್ಯಾಲೆಗಳಿದ್ದವು. ಉಯ್ಯಾಲೆಯೊಂದರ ಸರಪಳಿ ತುಂಡಾಗಿತ್ತು. ಜಾರುಬಂಡೆ ತಗಡಿನದು, ಪಶ್ಚಿಮಕ್ಕೆ ಮುಖಮಾಡಿ ನಿಂತಿತ್ತು. ಸಂಜೆ ನಾಲ್ಕರ ಬಿಸಿಲಿಗೆ ಅದು ಕಾದ ಹೆಂಚಾಗಿದ್ದುದು ಗೊತ್ತಾದದ್ದು ಮೊಮ್ಮಗ ಕುಳಿತು ಚೀರಿದ ಮೇಲೆ. ನಡೆಯುವ ದಾರಿಯಲ್ಲಿ ಮಕ್ಕಳು ಓಡಿದರೆ ನನ್ನ ವಯಸ್ಸಿನವರೇ ಗದರಿಸುತ್ತಿದ್ದರು. ಅವರನ್ನು ನಾನು ದೂರಲಾರೆ. ಹಿಂದಿನ ವಾರದವರೆಗೆ ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಮರುದಿನ ಮುಖ್ಯರಸ್ತೆಯಾಚೆಯ ದೊಡ್ಡ ಮೈದಾನಕ್ಕೆ ಹೋದೆವು. ವಿಸ್ತಾರಕ್ಕೇನೂ ಕೊರತೆಯಿಲ್ಲ. ಆದರೆ ಅಲ್ಲಿ ಏಕಕಾಲಕ್ಕೆ ನಾಲ್ಕು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿದ್ದವು. ಆಡುವವರೆಲ್ಲ ಮೀಸೆ ಮೂಡಿದ ಹುಡುಗರು. ಇಡೀ ಮೈದಾನದಲ್ಲಿ ಒಬ್ಬ ಹೆಣ್ಣುಮಗುವೂ ಕಾಣಲಿಲ್ಲ. ಚೆಂಡೊಂದು ಮೊಮ್ಮಗನ ಕಿವಿಯ ಪಕ್ಕದಲ್ಲಿಯೇ ಹಾದುಹೋಯಿತು. ಮುಖ್ಯರಸ್ತೆ ದಾಟಿ ಹಿಂದಿರುಗುವಷ್ಟರಲ್ಲಿ ನನಗೇ ಸಾಕುಸಾಕಾಗಿತ್ತು. ಸಮೀಪದ ಶಾಲೆಯ ಅಂಗಳ ವಿಶಾಲವಾಗಿಯೂ ಸ್ವಚ್ಛವಾಗಿಯೂ ಇದೆ, ಆದರೆ ರಜೆಯಲ್ಲಿ ಅದಕ್ಕೆ ಬೀಗ. ಒಂದು ದೊಡ್ಡ ವಸತಿ ಸಮುಚ್ಚಯದೊಳಗೆ ಮೆತ್ತನೆಯ ರಬ್ಬರು ಹಾಸಿದ ಆಟದ ತಾಣವಿರುವುದನ್ನು ಬೇಲಿಯ ಸಂದಿಯಿಂದ ಕಂಡೆವು. ಕಾವಲುಗಾರನು ವಿನಯದಿಂದಲೇ, ‘ನಿವಾಸಿಗಳಿಗೆ ಮಾತ್ರ ಸ್ವಾಮಿ’ ಎಂದನು.

ಮಗನು ಒಂದು ಭಾನುವಾರ ಮಕ್ಕಳನ್ನು ಮಾಲಿನೊಳಗಿನ ಆಟದ ಕೋಣೆಗೆ ಕರೆದೊಯ್ದನು, ನಾನೂ ಜೊತೆಗೆ ಹೋದೆ. ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಿ, ಕೈಗೆ ಕಾಗದದ ಪಟ್ಟಿ ಸುತ್ತಿಸಿಕೊಂಡು ಒಳಗೆ ಹೋಗಬೇಕು. ಕಿಟಕಿಯಿಲ್ಲ, ಆಕಾಶವಿಲ್ಲ, ಕಿವಿಗಡಚಿಕ್ಕುವ ಸಂಗೀತ. ಮಕ್ಕಳಿಗೆ ಸಂತೋಷವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಂಟೆ ಮುಗಿಯುತ್ತಲೇ ಹೊರಗೆ ಬರಬೇಕಾದಾಗ ಇಬ್ಬರೂ ಅತ್ತರು. ಆಟಕ್ಕೆ ಗಡಿಯಾರ ಕಟ್ಟಿದರೆ ಅದು ಆಟವಾಗಿ ಉಳಿಯದೆ ಸರಕಾಗುತ್ತದೆ. ಹಾಗೆಂದು ಕೊಂಡುಕೊಳ್ಳಲಾರದವರ ಮಕ್ಕಳು ಏನು ಮಾಡಬೇಕು?

ಆ ಪ್ರಶ್ನೆಗೆ ಉತ್ತರ ಮರುವಾರವೇ ದೊರೆಯಿತು. ನಮ್ಮ ಹಿಂದಿನ ಬೀದಿಯಲ್ಲಿ ಮನೆಯೊಂದನ್ನು ಕಟ್ಟುತ್ತಿದ್ದರು. ಪಕ್ಕದ ಖಾಲಿ ನಿವೇಶನದಲ್ಲಿ ಮರಳಿನ ರಾಶಿ, ಒಂದು ದೊಡ್ಡ ಹೊಂಗೆಯ ಮರ. ಕಟ್ಟಡದ ಕೆಲಸಕ್ಕೆಂದು ಕಲಬುರಗಿಯ ಕಡೆಯಿಂದ ಬಂದಿದ್ದ ಕುಟುಂಬಗಳ ಐದಾರು ಮಕ್ಕಳು ಹೆಂಚಿನ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ಲಗೋರಿ ಆಡುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದೊಡನೆ ನನ್ನ ಬಾಲ್ಯವೇ ಎದುರಿಗೆ ಬಂದಂತಾಗಿ ನಾನು ನಿಂತುಬಿಟ್ಟೆ. ‘ನಾ ಆಡ್ಲೇನು?’ ಎಂದು ಮೊಮ್ಮಗಳು ಕೇಳುವ ಮೊದಲೇ ಒಬ್ಬ ಹುಡುಗಿ ಅವಳ ಕೈಗೆ ಚೆಂಡು ಕೊಟ್ಟಿದ್ದಳು. ಚಿಂದಿಯನ್ನು ಸುತ್ತಿ ಕಟ್ಟಿದ ಚೆಂಡು. ಆ ಸಂಜೆ ಅವರು ಲಗೋರಿಯನ್ನೂ ಕುಂಟಾಬಿಲ್ಲೆಯನ್ನೂ ಮರಕೋತಿಯನ್ನೂ ಆಡಿದರು. ಮೊಮ್ಮಗ ಮರಳಿನಲ್ಲಿ ಗುಡಿ ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ. ಎರಡು ಗಂಟೆ ಕಳೆದದ್ದು ಯಾರಿಗೂ ತಿಳಿಯಲಿಲ್ಲ. ಆ ರಾತ್ರಿ ಇಬ್ಬರೂ ದೂರದರ್ಶನದ ನೆನಪಿಲ್ಲದೆ, ಊಟದ ತಟ್ಟೆಯ ಮುಂದೆಯೇ ತೂಕಡಿಸಿದರು.

ಹನ್ನೆರಡು ದಿನ ಹಾಗೆಯೇ ನಡೆಯಿತು. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಒಳ್ಳೆಯ ಆಟದ ಬಯಲೆಂದರೆ ಏನೆಂಬುದು ಅಲ್ಲಿ ಕುಳಿತಾಗ ತಿಳಿಯುತ್ತ ಹೋಯಿತು. ಮಕ್ಕಳು ಮುಖ್ಯರಸ್ತೆ ದಾಟದೆ ನಡೆದೇ ತಲುಪುವಷ್ಟು ಅದು ಸಮೀಪದಲ್ಲಿರಬೇಕು. ಸುತ್ತಲಿನ ಮನೆಗಳ ಕಿಟಕಿಯಿಂದ ತಾಯಂದಿರ ಕಣ್ಣಿಗೆ ಬೀಳುವಂತಿರಬೇಕು. ಬಿದ್ದರೆ ಮೈಗೆ ಹೆಚ್ಚು ಪೆಟ್ಟಾಗದಂತೆ ಕಾಲಡಿಯಲ್ಲಿ ಮಣ್ಣೋ ಮರಳೋ ಇರಬೇಕೇ ಹೊರತು ಸಿಮೆಂಟಲ್ಲ. ನೆರಳು ಬೇಕು, ಕುಡಿಯಲು ನೀರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ನೀನು ಯಾರ ಮಗು?’ ಎಂದು ಬಾಗಿಲಲ್ಲಿ ಕೇಳುವವರು ಇರಬಾರದು. ಉಯ್ಯಾಲೆ, ಜಾರುಬಂಡೆಗಳು ಇದ್ದರೆ ಒಳಿತು. ಇಲ್ಲದಿದ್ದರೂ ಮಕ್ಕಳು ಹೆಂಚಿನ ಚೂರಿನಿಂದ ಲೋಕವನ್ನೇ ಕಟ್ಟಿಕೊಳ್ಳುತ್ತಾರೆ. ನಾವು ಸ್ಥಾವರಗಳನ್ನು ನಿಲ್ಲಿಸುವುದರಲ್ಲಿ ಸಂತೋಷಪಡುತ್ತೇವೆ, ಮಕ್ಕಳಾದರೋ ಹುಟ್ಟಿನಿಂದಲೇ ಜಂಗಮರು. ಅವರಿಗೆ ಬೇಕಾದುದು ಚಲಿಸಲು ಎಡೆ.

ಹದಿಮೂರನೆಯ ದಿನ ಹೋದಾಗ ಆ ನಿವೇಶನದಲ್ಲಿಯೂ ಪಾಯ ಅಗೆಯುತ್ತಿದ್ದರು. ಹೊಂಗೆಯ ಮರ ಉರುಳಿ ಬಿದ್ದಿತ್ತು. ಅದು ಯಾರದೋ ಸ್ವಂತ ಭೂಮಿ, ಅವರು ಮನೆ ಕಟ್ಟಿಕೊಂಡರೆ ನಾವು ಆಕ್ಷೇಪಿಸುವಂತಿಲ್ಲ. ಮೊಮ್ಮಗಳು ಏನೂ ಮಾತನಾಡದೆ ನನ್ನ ಕೈ ಹಿಡಿದುಕೊಂಡು ಹಿಂದಿರುಗಿದಳು. ಅಂದು ಬೇರೆ ದಾರಿಯಲ್ಲಿ ಬಂದೆವು. ಆ ದಾರಿಯಲ್ಲಿ ನಮ್ಮ ಸಮಾಜದವರ ಸಮುದಾಯ ಭವನವಿದೆ.

ಭವನದ ಬಾಗಿಲ ಪಕ್ಕದಲ್ಲಿ ಶಂಕುಸ್ಥಾಪನೆಯ ಕಲ್ಲೊಂದಿದೆ. ಆಗತಾನೆ ಕನ್ನಡವನ್ನು ಸರಾಗವಾಗಿ ಓದಲು ಕಲಿತಿದ್ದ ಮೊಮ್ಮಗಳು ಹೊಸ ಕನ್ನಡಕದ ಉತ್ಸಾಹದಲ್ಲಿ ದಾರಿಯ ಫಲಕಗಳನ್ನೆಲ್ಲ ಓದುತ್ತ ಬರುತ್ತಿದ್ದಳು. ಆ ಕಲ್ಲನ್ನೂ ಓದಿದಳು. ಪೂಜ್ಯರ ಹೆಸರು, ಗಣ್ಯರ ಹೆಸರುಗಳು. ಕೆಳಗೆ ‘ಅನುಭಾವ ನುಡಿ’ ಎಂದು ಕೆತ್ತಿದ ಮುಂದೆ ನನ್ನ ಹೆಸರು. ಇಸವಿ 2006.

‘ಅಜ್ಜ, ನಿನ್ನ ಹೆಸರು ಇಲ್ಲಿದೆ! ಇದು ಕಟ್ಟೋ ಮೊದಲು ಇಲ್ಲಿ ಏನಿತ್ತು?’

‘ಬಯಲಿತ್ತು, ಮಗೂ.’

‘ಅಲ್ಲಿ ಯಾರು ಆಡ್ತಾ ಇದ್ರು?’

‘ನಿಮ್ಮಪ್ಪ ಆಡುತ್ತಿದ್ದ.’

ಅವಳು ಮುಂದೆ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೇಳದ ಪ್ರಶ್ನೆ ಮನೆಯವರೆಗೂ ನನ್ನ ಜೊತೆಗೆ ಬಂದಿತು, ಆ ರಾತ್ರಿ ನಿದ್ರೆಯನ್ನೂ ಕೊಡಲಿಲ್ಲ.

ನನ್ನ ಬಾಲ್ಯ ಕಳೆದದ್ದು ಉತ್ತರ ಕರ್ನಾಟಕದ ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ಮಠದ ಮುಂದೆ ಕರಿಮಣ್ಣಿನ ವಿಶಾಲವಾದ ಬಯಲು. ಶಾಲೆ ಬಿಟ್ಟ ಮೇಲೆ, ಸಂಜೆಯ ಪ್ರಾರ್ಥನೆಗೆ ಮೊದಲು ಒಂದು ಗಂಟೆ ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಆಡಬೇಕೆಂಬುದು ಪೂಜ್ಯರ ಕಟ್ಟಪ್ಪಣೆ. ಓದುವ ನೆಪ ಹೇಳಿ ಒಳಗೆ ಉಳಿದವರನ್ನು ತಾವೇ ಬಂದು ಹೊರಗೆ ಕಳುಹಿಸುತ್ತಿದ್ದರು. ಕಬಡ್ಡಿ, ಖೊಖೊ, ಚಿನ್ನಿದಾಂಡು. ಒಂದು ಬದಿಗೆ ಮಲ್ಲಕಂಬ. ಯಾವ ಜಾತಿಯ ಹುಡುಗ, ಯಾವ ಊರಿನವನೆಂಬ ಭೇದ ಆ ಮಣ್ಣಿನಲ್ಲಿ ಉಳಿಯುತ್ತಿರಲಿಲ್ಲ. ಒಮ್ಮೆ ಒಬ್ಬ ಶ್ರೀಮಂತ ಭಕ್ತರು ಆ ಬಯಲಿನ ನಡುವೆ ದೊಡ್ಡ ಸಭಾಮಂಟಪ ಕಟ್ಟಿಸಿಕೊಡುವುದಾಗಿ ಬಿನ್ನವಿಸಿಕೊಂಡರು. ಪೂಜ್ಯರು, ‘ಮಂಟಪ ಬಂದರ ಹುಡುಗರು ಎಲ್ಲಿ ಹೋಗಬೇಕು?’ ಎಂದು ಒಂದೇ ಮಾತು ಕೇಳಿದರು. ಮಂಟಪವನ್ನು ಆಮೇಲೆ ಮಠದ ಹಿಂಬದಿಯಲ್ಲಿ ಕಟ್ಟಿದರು, ಚಿಕ್ಕದಾಗಿ. ಆ ಮಾತನ್ನು ನಾನು ಕಿವಿಯಾರೆ ಕೇಳಿದವನು. ಆದರೂ 2006ರಲ್ಲಿ ನಮ್ಮ ಬಡಾವಣೆಯ ಬಯಲಿನಲ್ಲಿ ನಿಂತು ಬಯಲಿನ ತತ್ತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದಾಗ ಅದು ನನ್ನ ನೆನಪಿಗೆ ಬರಲಿಲ್ಲ. ಅಂದು ಆಟ ನಿಂತು ಬೇಲಿಯಾಚೆ ನೋಡುತ್ತಿದ್ದ ಹುಡುಗರೂ ನನಗೆ ಕಾಣಲಿಲ್ಲ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಂತೆ, ಪ್ರಾಧಿಕಾರವು ನಿರ್ಮಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೂ, ಶೇಕಡಾ 10ಕ್ಕೆ ಕಡಿಮೆಯಿಲ್ಲದಷ್ಟನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಪ್ರತ್ಯೇಕ ಕಾಯ್ದೆಯೂ ಉಂಟು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಲೋಕೋಪಕಾರವೇ ಅಲ್ಲವೆ ಎಂಬ ವಾದ ಬಂದಿತು. ಆದರೆ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಹಾಗೆ ಬದಲಾಯಿಸಲಾಗದೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳಿಗೆ ಆಟವೂ ವಿರಾಮವೂ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 31ನೆಯ ವಿಧಿಯಲ್ಲಿ ಹೇಳುತ್ತದೆ. ನಮ್ಮ ದೇಶವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿದೆ.

ನಮ್ಮ ಭವನವನ್ನು ಕಟ್ಟಿದ್ದು ನಾಗರಿಕ ಸೌಲಭ್ಯದ ನಿವೇಶನದಲ್ಲಿ, ವಿಧಿವತ್ತಾಗಿ ಪಡೆದು. ಆದುದರಿಂದ ನಾವು ಕಾನೂನು ಮುರಿದಿರಲಿಲ್ಲ. ಆದರೆ ಅದಕ್ಕೆ ತಾಗಿಕೊಂಡೇ ನಕ್ಷೆಯಲ್ಲಿ ಆಟದ ಮೈದಾನವೆಂದು ಗುರುತಿಸಿದ ಒಂದು ತುಂಡು ಜಾಗವಿತ್ತು. ಅತಿಕ್ರಮಣವಾಗದಿರಲೆಂದು ನಮ್ಮ ಸಮಿತಿಯೇ ಹಿಂದೊಮ್ಮೆ ಅದಕ್ಕೆ ತಂತಿಬೇಲಿ ಹಾಕಿ ಬೀಗ ಜಡಿದಿತ್ತು. ಕಾಲಕ್ರಮದಲ್ಲಿ ಅದು ಮದುವೆಯ ದಿನಗಳಲ್ಲಿ ವಾಹನ ನಿಲ್ಲಿಸುವ ಜಾಗವಾಯಿತು, ಉಳಿದ ದಿನಗಳಲ್ಲಿ ಮುರಿದ ಕುರ್ಚಿಗಳ ಬಿಡಾರವಾಯಿತು. ಊರೆಲ್ಲ ಸುತ್ತಿ ನಾನು ಹುಡುಕಿದ ಬಯಲು ನಮ್ಮದೇ ಬೀಗದೊಳಗೆ ಇತ್ತು!

ಬಸವ ಜಯಂತಿಯಾದ ಮರುವಾರ ಸಮಿತಿಯ ಸಭೆ ಸೇರಿತು. ಆ ತುಂಡು ಜಾಗಕ್ಕೆ ಮೇಲ್ಛಾವಣಿ ಹಾಕಿ ದಾಸೋಹ ಭವನವನ್ನಾಗಿ ಮಾಡುವ ಯೋಜನೆ ಸಿದ್ಧವಾಗಿತ್ತು. ದಾನಿಗಳೂ ಒಪ್ಪಿದ್ದರು. ಎಂದಿನಂತೆ ನನ್ನನ್ನು ಎರಡು ಆಶೀರ್ವಚನದ ಮಾತುಗಳಿಗೆಂದು ಕರೆದಿದ್ದರು. ನಾನು ಎದ್ದು ನಿಂತು, ಈ ಯೋಜನೆಗೆ ನನ್ನ ಸಮ್ಮತಿಯಿಲ್ಲವೆಂದು ಹೇಳಿದೆ. ಸಭೆ ನಿಶ್ಶಬ್ದವಾಯಿತು. ನಲವತ್ತು ವರ್ಷಗಳ ಪರಿಚಯದ ಹಿರಿಯರೊಬ್ಬರು, ‘ತಾವೇ ದಾಸೋಹಕ್ಕೆ ಅಡ್ಡ ಬರುವುದೇ?’ ಎಂದರು. ಆ ಮಾತು ನಾಟಿತು.

ನಾನು ಹೇಳಿದ್ದಿಷ್ಟು: ‘ಈ ಭವನಕ್ಕೆ ನುಡಿ ಕೊಟ್ಟವನು ನಾನೇ, ಕಲ್ಲಿನ ಮೇಲೆ ನನ್ನ ಹೆಸರಿದೆ. ಆದುದರಿಂದ ಮೊದಲ ತಪ್ಪು ನನ್ನದು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳನ್ನು ನಾವು ತ್ರಿವಿಧ ದಾಸೋಹಿಗಳೆಂದು ಕೊಂಡಾಡುತ್ತೇವೆ. ಅನ್ನ, ಅಕ್ಷರ, ಆಶ್ರಯ. ಆಶ್ರಯವೆಂದರೆ ಸೂರು ಮಾತ್ರವೇ? ದಿನವೆಲ್ಲ ಸೂರಿನಡಿಯಲ್ಲಿಯೇ ಕುಳಿತ ಮಗುವಿಗೆ ಸೂರಿಲ್ಲದ ಜಾಗವೇ ಆಶ್ರಯ. ವರ್ಷದಲ್ಲಿ ಮೂವತ್ತು ನಲವತ್ತು ದಿನ ಉಣಬಡಿಸಲು ಒಂದು ಮಹಡಿ ಸಾಕು, ಅದನ್ನು ಇರುವ ಕಟ್ಟಡದ ಮೇಲೆ ಕಟ್ಟಬಹುದು. ಬಯಲನ್ನು ಮಾತ್ರ ಯಾವ ಮಹಡಿಯ ಮೇಲೆಯೂ ಕಟ್ಟಲಾಗದು. ನಕ್ಷೆಯಲ್ಲಿ ಮಕ್ಕಳದೆಂದು ಬರೆದ ಜಾಗವನ್ನು ದಾಸೋಹದ ಹೆಸರಿನಲ್ಲಿ ತೆಗೆದುಕೊಂಡರೆ ಪರರ ಸೊತ್ತಿನಿಂದ ದಾನ ಮಾಡಿದಂತಾಗುತ್ತದೆ.’

ಅಂದು ನಿರ್ಧಾರವಾಗಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಮೂರು ಸಭೆಗಳಾದವು. ಮಕ್ಕಳು ಗಾಜು ಒಡೆಯುತ್ತಾರೆ, ಗಲಾಟೆ ಮಾಡುತ್ತಾರೆ, ಬಿದ್ದು ಪೆಟ್ಟಾದರೆ ಹೊಣೆ ಯಾರು ಎಂಬ ಮಾತುಗಳೆಲ್ಲ ಬಂದವು. ಅವುಗಳಲ್ಲಿ ಸತ್ಯಾಂಶ ಇಲ್ಲದೆಯೂ ಇರಲಿಲ್ಲ. ಸಭೆಗೆ ಬಂದ ತಾಯಂದಿರು ನನಗಿಂತ ಚೆನ್ನಾಗಿ ಮಾತನಾಡಿದರು. ಕಡೆಗೆ ಊಟದ ಮನೆ ಮೊದಲ ಮಹಡಿಗೆ ಹೋಗಲೆಂದೂ, ಬೇಲಿಯ ಬೀಗ ತೆಗೆಯಬೇಕೆಂದೂ, ದಿನವೂ ಸಂಜೆ ನಾಲ್ಕರಿಂದ ಆರೂವರೆಯವರೆಗೆ ಬಯಲು ಮಕ್ಕಳದೆಂದೂ ತೀರ್ಮಾನವಾಯಿತು. ಆ ಹೊತ್ತಿನಲ್ಲಿ ಮನೆಗೊಬ್ಬರಂತೆ ಸರದಿಯಲ್ಲಿ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತಿರಬೇಕೆಂದು ನಾವೇ ವ್ಯವಸ್ಥೆ ಮಾಡಿಕೊಂಡೆವು.

ಮೊದಲ ವಾರದಲ್ಲಿಯೇ ಭವನದ ಕಿಟಕಿಯ ಗಾಜೊಂದು ಒಡೆಯಿತು. ಅದರ ಹಣವನ್ನು ನಾನು ಕೊಟ್ಟೆ. ಎರಡನೆಯ ಗಾಜಿನ ಬದಲು ಜಾಲರಿ ಹಾಕಿಸಿದೆವು. ‘ದಾಸೋಹಕ್ಕೆ ಅಡ್ಡ’ ಎಂದಿದ್ದ ಹಿರಿಯರು ಈಗಲೂ ನನ್ನೊಡನೆ ಮೊದಲಿನಂತೆ ಮಾತನಾಡುವುದಿಲ್ಲ. ಆದರೆ ಅವರ ಮೊಮ್ಮಗನು ದಿನವೂ ತಪ್ಪದೆ ಬರುತ್ತಾನೆ. ಲಗೋರಿಯಲ್ಲಿ ಅವನ ಗುರಿಯನ್ನು ಮೀರಿಸುವವರಿಲ್ಲ.

ಒಂದು ಕೊರಗು ಮಾತ್ರ ಉಳಿದಿದೆ. ಬೀಗ ತೆಗೆದ ದಿನ ಮೊಮ್ಮಗಳು ಮೊದಲು ಓಡಿದ್ದು ಹಿಂದಿನ ಬೀದಿಗೆ, ಲಗೋರಿ ಕಲಿಸಿದ ಗೆಳತಿಯನ್ನು ಕರೆತರಲು. ಆ ಮನೆಯ ಕೆಲಸ ಮುಗಿದಿತ್ತು. ಆ ಕುಟುಂಬಗಳು ಬೇರೆ ಯಾವುದೋ ಬಡಾವಣೆಗೆ ಹೋಗಿಬಿಟ್ಟಿದ್ದವು. ನಮ್ಮ ಮಕ್ಕಳಿಗೆ ಆಟ ಕಲಿಸಿದವರಿಗೆ ನಮ್ಮ ಬಯಲು ದೊರೆಯಲಿಲ್ಲ. ಅಂದಿನಿಂದ ಬಾಗಿಲಲ್ಲಿ ಕುಳಿತವರು ಯಾವ ಮಗುವನ್ನೂ ‘ಯಾರ ಮನೆಯದು?’ ಎಂದು ಕೇಳಬಾರದೆಂಬ ನಿಯಮ ಮಾಡಿದ್ದೇವೆ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ಇಷ್ಟಾದರೂ ಸಾಧ್ಯವಾಗಬೇಡವೇ?

ಇನ್ನು ಓದುಗ ಕುಟುಂಬಗಳಿಗೆ ಉಪಯೋಗವಾಗಬಹುದೆಂದು, ಈ ಅಲೆದಾಟದಲ್ಲಿ ಕಲಿತ ನಾಲ್ಕಾರು ಮಾತುಗಳನ್ನು ಹೇಳುತ್ತೇನೆ. ಆಟದ ಜಾಗವನ್ನು ಆರಿಸುವಾಗ ಮೊದಲು ಮಗುವಿಲ್ಲದೆ ಒಮ್ಮೆ ಹೋಗಿ ನೋಡಿ. ಗಾಜಿನ ಚೂರು, ಮುಚ್ಚಳವಿಲ್ಲದ ಗುಂಡಿ, ವಿದ್ಯುತ್ ಪರಿವರ್ತಕದ ಬಳಿಯ ತೆರೆದ ತಂತಿ, ನಿಂತ ನೀರು ಇವೆಯೇ ಎಂದು ಪರೀಕ್ಷಿಸಿ. ತಗಡಿನ ಜಾರುಬಂಡೆಯನ್ನು ಮಗು ಏರುವ ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ಉಯ್ಯಾಲೆಯ ಕೊಂಡಿಗಳನ್ನು ಎಳೆದು ನೋಡಿ. ಜಾರುಬಂಡೆ, ಉಯ್ಯಾಲೆಗಳ ಕೆಳಗೆ ಒಂದು ಅಡಿಯಷ್ಟು ಮರಳಿದ್ದರೆ ಬಿದ್ದ ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ. ಐದು ವರ್ಷದೊಳಗಿನ ಮಕ್ಕಳನ್ನೂ ದೊಡ್ಡವರನ್ನೂ ಬೇರೆಬೇರೆ ಮೂಲೆಗಳಲ್ಲಿ ಆಡಿಸಿ. ಚಿಕ್ಕವರಿಗೆ ಮರಳಿನ ಗುಡ್ಡೆಯೊಂದಿದ್ದರೆ ಸಾಕು. ಅಂದಕ್ಕೆಂದು ಬೇಲಿಗೆ ಕಣಗಿಲೆಯನ್ನು ನೆಡುವ ವಾಡಿಕೆಯಿದೆ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಮಕ್ಕಳು ಬರುವಲ್ಲಿ ಅದು ಬೇಡ. ಹೊಂಗೆ, ಬೇವು ನೆಡಿ. ಹೆಣ್ಣುಮಕ್ಕಳು ಆಡಲು ಬರುತ್ತಿದ್ದಾರೆಯೇ ಎಂದು ಗಮನಿಸಿ. ಅವರು ಬಾರದ ಮೈದಾನದಲ್ಲಿ ಏನೋ ಕೊರತೆಯಿದೆಯೆಂದೇ ತಿಳಿಯಿರಿ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. 2005ರ ಮಾಹಿತಿ ಹಕ್ಕಿನ ಕಾಯ್ದೆಯಂತೆ ಅರ್ಜಿ ಸಲ್ಲಿಸಿ ಅದನ್ನು ಪಡೆಯಬಹುದು. ಮಕ್ಕಳ ಪಾಲಿನ ಭೂಮಿ ಎಲ್ಲಿದೆ, ಅದರ ಮೇಲೆ ಈಗ ಏನಿದೆ ಎಂಬುದು ಆಗ ತಿಳಿಯುತ್ತದೆ.

ಕಡೆಯದಾಗಿ ನಮ್ಮ ಮಠಗಳ, ಶಿಕ್ಷಣ ಸಂಸ್ಥೆಗಳ, ಸಮುದಾಯ ಭವನಗಳ, ಕಲ್ಯಾಣ ಮಂಟಪಗಳ ಹಿರಿಯರಲ್ಲಿ ಒಂದು ಬಿನ್ನಹ. ಊರೂರುಗಳಲ್ಲಿ ಇವುಗಳ ಅಂಗಳಗಳು ಸಮಾರಂಭವಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ಹೊಸದಾಗಿ ಭೂಮಿ ಕೊಳ್ಳಬೇಕಾಗಿಲ್ಲ, ಸಲಕರಣೆ ತರಿಸಬೇಕಾಗಿಲ್ಲ. ಸಂಜೆ ಎರಡು ಗಂಟೆ ಬಾಗಿಲು ತೆರೆದು, ಒಬ್ಬ ಹಿರಿಯರು ಕುಳಿತಿದ್ದರೆ ಸಾಕು. ಅನ್ನ ದಾಸೋಹ, ಜ್ಞಾನ ದಾಸೋಹಗಳ ಜೊತೆಗೆ ಈ ಬಯಲಿನ ದಾಸೋಹವೂ ನಡೆಯಲಿ.

ನಿನ್ನೆ ಸಂಜೆ ನನ್ನ ಸರದಿಯಿತ್ತು. ಕಟ್ಟೆಯ ಮೇಲೆ ಕುಳಿತಿದ್ದೆ. ಇಪ್ಪತ್ತು ಮಕ್ಕಳ ಕೂಗು, ಧೂಳು, ಜಗಳ, ನಗೆ. ಮೊಮ್ಮಗಳು ಓಡಿಬಂದು ಕನ್ನಡಕವನ್ನು ನನ್ನ ಕೈಗಿತ್ತು, ‘ಅಜ್ಜ, ಹಿಡ್ಕೋ, ಬಿದ್ದು ಒಡೆದೀತು’ ಎಂದು ಮತ್ತೆ ಓಡಿದಳು. ಅವಳ ಬೆವರಿನಿಂದ ಮಸುಕಾದ ಆ ಗಾಜುಗಳನ್ನು ಒರೆಸುತ್ತ ಕುಳಿತೆ. ಬಯಲನ್ನು ಕುರಿತು ನಾನು ಓದಿದ್ದು ಬಹಳ, ಹೇಳಿದ್ದು ಅದಕ್ಕಿಂತ ಹೆಚ್ಚು. ಅದನ್ನು ಕಣ್ಣಾರೆ ನೋಡುತ್ತ ಸುಮ್ಮನೆ ಕುಳಿತುಕೊಳ್ಳುವ ಭಾಗ್ಯ ಈಗ ದೊರೆತಿದೆ.